ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಂಡ್ಯದಿಂದ ಹೊಳಲಿನ ಕಡೆಗೆ ಹೊರಟರೆ ಕಬ್ಬಿನ ಗದ್ದೆಗಳ ನಡುನಡುವೆ ಕುಯಿಲಾದ ಭತ್ತದ ಬಯಲುಗಳು ಕಾಣಸಿಗುತ್ತವೆ. ಸುಗ್ಗಿ ಮುಗಿದು ಮುಂದಿನ ನಾಟಿಗೆ ನೀರು ಬಿಡುವವರೆಗೆ ಆ ಬಯಲುಗಳ ಒಡೆತನ ರೈತರದಲ್ಲ, ಮಕ್ಕಳದು. 'ಹೊಳಲು' ಎಂಬ ಮಾತಿಗೆ ಪಟ್ಟಣವೆಂದು ಅರ್ಥ. ಹಳಗನ್ನಡದ 'ಪೊೞಲ್' ಎಂಬುದೇ ಪಕಾರವು ಹಕಾರವಾಗಿ ಇಂದಿನ ರೂಪವನ್ನು ತಾಳಿದೆ. ಹೆಸರು ಪಟ್ಟಣದ್ದಾದರೂ ಈ ಸೀಮೆಯ ಬದುಕೆಲ್ಲ ಗದ್ದೆಯದು. ಹೊತ್ತು ಇಳಿಯುತ್ತಿದ್ದಂತೆ ಕೂಳೆಗಳ ಮೇಲೆ ಬರಿಗಾಲಿನಲ್ಲಿ ಓಡುವ ಮಕ್ಕಳ ಕೂಗು ನಾಲೆಯ ಏರಿಯವರೆಗೂ ಕೇಳಿಸುತ್ತದೆ. ಒಂದೆಡೆ ಲಗೋರಿ, ಇನ್ನೊಂದೆಡೆ ಚಿನ್ನಿದಾಂಡು, ಮತ್ತೊಂದೆಡೆ ಕಬಡ್ಡಿ.

ಈ ಆಟಗಳಿಗೆ ಮೇಷ್ಟರಿಲ್ಲ, ನಿಯಮಗಳ ಪುಸ್ತಕವಿಲ್ಲ. ಆದರೂ ನಿಯಮಗಳು ಇವೆ; ಶಾಲೆಯ ನಿಯಮಗಳಿಗಿಂತ ಹೆಚ್ಚು ನಿಷ್ಠೆಯಿಂದ ಅವು ಪಾಲನೆಯಾಗುತ್ತವೆ. ಚೆಂಡು ಬೇಲಿಯಾಚೆ ಬಿದ್ದರೆ ಏನು, ಕಾಲು ಗೆರೆಯನ್ನು ಮುಟ್ಟಿತೋ ಇಲ್ಲವೋ ಎಂಬ ಜಗಳ ಹುಟ್ಟಿದರೆ ಯಾರ ಮಾತು ನಡೆಯಬೇಕು ಎಂಬುದೆಲ್ಲ ಆಡುವವರ ನಡುವೆಯೇ ತೀರ್ಮಾನವಾಗುತ್ತದೆ. ತರಗತಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಲಾರದ ಹುಡುಗನು ಕಣ್ಣಾಮುಚ್ಚಾಲೆಯಲ್ಲಿ ಹುಲ್ಲಿನ ಮೆದೆಯ ಹಿಂದೆ ಉಸಿರು ಬಿಗಿಹಿಡಿದು ಕಾಲು ಗಂಟೆ ಕೂರುತ್ತಾನೆ. ಶಿಸ್ತು ಅವನಿಗೆ ಬಾರದ ವಿದ್ಯೆಯಲ್ಲ.

ಆ ಬಯಲಿನ ಆಟಗಳಲ್ಲಿ ಒಂದು ವಿಶೇಷವಾದ ಏರ್ಪಾಡು ಉಂಟು. ದೊಡ್ಡವರ ಬೆನ್ನಿಗೆ ಅಂಟಿಕೊಂಡು ಬಂದ ನಾಲ್ಕೈದು ವರ್ಷದ ತಮ್ಮನೋ ತಂಗಿಯೋ ತಾನೂ ಆಡುತ್ತೇನೆಂದು ಹಟ ಹಿಡಿದರೆ ಅವರನ್ನು ಅಟ್ಟುವುದಿಲ್ಲ. 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸಾರಿ ಒಳಕ್ಕೆ ಸೇರಿಸಿಕೊಳ್ಳುತ್ತಾರೆ. ಆ ಮಗು ಓಡಬಹುದು, ಕೂಗಬಹುದು, ಚೆಂಡು ಎಸೆಯಬಹುದು. ಅದು ಔಟಾದರೆ ಯಾರಿಗೂ ನಷ್ಟವಿಲ್ಲ, ಗೆದ್ದರೆ ಯಾರಿಗೂ ಲಾಭವಿಲ್ಲ. ಬಲವಿಲ್ಲದವರಿಗೂ ಸ್ಥಳವಿರಲೆಂದು ಮಕ್ಕಳೇ ಕಂಡುಕೊಂಡ ಈ ಉಪಾಯ ಎಷ್ಟು ಹಳೆಯದೋ ತಿಳಿಯದು. ಇದೇ ಮಾತು ದೊಡ್ಡವರ ಬಾಯಲ್ಲಿ ಬಂದಾಗ ಮಾತ್ರ ಅವಮಾನದ ಮಾತಾಗುತ್ತದೆ. ಈ ಎರಡು ಅರ್ಥಗಳನ್ನೂ ನಾನು ಒಬ್ಬ ಶಿಷ್ಯನಿಂದ ಕಲಿಯಬೇಕಾಯಿತು. ಆ ಸಂಗತಿಗೆ ಬರುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಕ್ಕಳ ಆಟದಾಸೆಯನ್ನೇ ಬಳಸಿಕೊಂಡು ಶಾಲೆಯನ್ನು ನಡೆಸಬಾರದೇಕೆ ಎಂಬ ಆಲೋಚನೆ ಹೊಸದಲ್ಲ. 1822ರಲ್ಲಿ ಮದರಾಸು ಪ್ರಾಂತ್ಯದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಡಳಿತಕ್ಕೆ ಸೇರಿದ ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಏನನ್ನು ಹೇಗೆ ಕಲಿಸುತ್ತಾರೆ ಎಂಬುದನ್ನು ತಿಳಿಸುವಂತೆ ಕಲೆಕ್ಟರುಗಳಿಗೆ ಬರೆಯಿಸಿದನು. ಆಗ ಬಳ್ಳಾರಿಯು ಆ ಪ್ರಾಂತ್ಯಕ್ಕೆ ಸೇರಿತ್ತು. ಇಂದಿನ ಅನಂತಪುರದ ಕಡೆಯ ಊರುಗಳೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿ ಇಂದಿಗೂ ಉಳಿದಿದೆ. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಪೂರ್ಣವಾಗಿ ಓದಬಹುದು.

ಜಿಲ್ಲೆಯಲ್ಲಿ ಅಂದು 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಓದುತ್ತಿದ್ದ ಮಕ್ಕಳು ಒಟ್ಟು 6,641. ಅವರಲ್ಲಿ ಹುಡುಗಿಯರು ಕೇವಲ 60. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು; ಬಳಿಕ ಹಲಗೆ, ಕಡತ, ಓಲೆಗರಿಗಳಿಗೆ ಬರುತ್ತಿದ್ದರು. ಮುಂದೆ ಹೋದ ಮಕ್ಕಳು ಹಿಂದೆ ಇದ್ದವರಿಗೆ ಕಲಿಸುತ್ತಿದ್ದರು. ಹೀಗೆ ಕಲಿಸುವುದರಿಂದ ಕಲಿಸುವವನ ವಿದ್ಯೆಯೂ ಗಟ್ಟಿಯಾಗುತ್ತದೆಂದು ಕಲೆಕ್ಟರನು ಮೆಚ್ಚಿದ್ದಾನೆ. ಇಂಗ್ಲೆಂಡು ಇದನ್ನು ಅನುಸರಿಸಿದ್ದು ಸರಿಯಾಗಿದೆಯೆಂದೂ ಬರೆದಿದ್ದಾನೆ.

ಆ ಶಾಲೆಗಳು ಆರಂಭವಾಗುತ್ತಿದ್ದುದು ಬೆಳಗಿನ ಆರು ಗಂಟೆಗೆ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಅದು ಗೌರವದ ಗುರುತು. ಎರಡನೆಯವನ ಅಂಗೈಯ ಮೇಲೆ ಒಂದು ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಅಲ್ಲಿಂದ ಮುಂದೆ ಬಂದ ಒಬ್ಬೊಬ್ಬನಿಗೂ ಒಂದೊಂದು ಏಟು ಹೆಚ್ಚು.

ಇದನ್ನು ಮೊದಲ ಸಲ ಓದಿದಾಗ ನಾನು ನಕ್ಕೆ, ಮೆಚ್ಚಿಕೊಂಡೆ ಕೂಡ. ಕಾಸು ಖರ್ಚಿಲ್ಲದ ಬಹುಮಾನ, ತಕ್ಷಣವೇ ದೊರೆಯುವ ಫಲ, ಪ್ರತಿದಿನವೂ ಹೊಸದಾಗಿ ಆರಂಭವಾಗುವ ಪಂದ್ಯ! ನಿನ್ನೆ ಏಟು ತಿಂದವನು ಇಂದು ಸರಸ್ವತಿಯನ್ನು ಅಂಗೈಯಲ್ಲಿ ಹೊತ್ತು ಮನೆಗೆ ಹೋಗಬಹುದು. ಆಟದ ಸೊಗಸೆಲ್ಲ ಅಲ್ಲಿದೆ. ಬಳಿಕ, ಕನ್ನಡ ಮೇಷ್ಟರಾದರೂ, ಸ್ವಲ್ಪ ಲೆಕ್ಕ ಮಾಡಿ ನೋಡಿದೆ. 533 ಶಾಲೆಗಳಿಗೆ 6,641 ಮಕ್ಕಳೆಂದರೆ ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಂದಿ. ಹನ್ನೆರಡನೆಯವನ ಪಾಲಿಗೆ ಹತ್ತು ಏಟು. ಆ ಹುಡುಗನು ಸೋಮಾರಿಯೇ ಆಗಿರಬೇಕೆಂದಿಲ್ಲ. ಹನ್ನೆರಡು ಮಕ್ಕಳೂ ಕೋಳಿ ಕೂಗುವ ಮುನ್ನವೇ ಎದ್ದು ಒಟ್ಟಾಗಿ ಓಡಿಬಂದರೂ ಬಾಗಿಲಲ್ಲಿ ಒಬ್ಬನು ಹನ್ನೆರಡನೆಯವನು ಆಗಿಯೇ ತೀರಬೇಕು. ಎಲ್ಲರೂ ಚೆನ್ನಾಗಿ ನಡೆದುಕೊಂಡರೂ ಹತ್ತು ಮಂದಿಗೆ ಏಟು ಬೀಳುವ ಆಟ ಅದು. ಶಾಲೆಯ ಪಕ್ಕದಲ್ಲೇ ಮನೆಯಿದ್ದವನಿಗೂ ಹಸು ಕರೆದು, ಕೊಟ್ಟಿಗೆ ಬಳಿದು, ಹೊಳೆ ದಾಟಿ ಬರಬೇಕಾದವನಿಗೂ ಅದು ಒಂದೇ ಅಳತೆಗೋಲನ್ನು ಹಿಡಿಯುತ್ತಿತ್ತು.

ಇಂಗ್ಲೆಂಡಿನಲ್ಲಿಯೂ ಆ ಕಾಲದಲ್ಲಿ ಇಂಥದೇ ಪ್ರಯೋಗಗಳು ನಡೆಯುತ್ತಿದ್ದವು. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ತನ್ನ ನಾಡಿಗೆ ಕೊಂಡೊಯ್ದನು. ಅದೇ ಬಗೆಯ ಶಾಲೆಯನ್ನು 1798ರಲ್ಲಿ ಲಂಡನ್ನಿನಲ್ಲಿ ತೆರೆದ ಜೋಸೆಫ್ ಲ್ಯಾಂಕಾಸ್ಟರನು ಬಹುಮಾನಗಳ ಒಂದು ಅಂಗಡಿಯನ್ನೇ ತೆರೆದನೆನ್ನಬಹುದು. ಚೆನ್ನಾಗಿ ಓದಿದವನಿಗೆ ಒಂದು ಚೀಟಿ. ಚೀಟಿಗಳನ್ನು ಕೂಡಿಸಿಟ್ಟರೆ ಚಿತ್ರವೋ ಆಟಿಕೆಯೋ ದೊರೆಯುತ್ತಿತ್ತು. ಬೆತ್ತದ ಪೆಟ್ಟನ್ನು ಅವನು ಒಪ್ಪುತ್ತಿರಲಿಲ್ಲ. ಆದರೆ ತಪ್ಪು ಮಾಡಿದವನ ಕೊರಳಿಗೆ ಮರದ ದಿಮ್ಮಿಯನ್ನು ಕಟ್ಟಿಸುತ್ತಿದ್ದನು; ಬುಟ್ಟಿಯೊಂದರಲ್ಲಿ ಕೂರಿಸಿ ಸೂರಿಗೆ ತೂಗುಹಾಕಿಸುತ್ತಿದ್ದನು. ಮೈಗೆ ನೋವಾಗಬಾರದೆಂದು ಮನಸ್ಸಿಗೆ ಬರೆ ಹಾಕಿದ ಹಾಗಾಯಿತು.

ಇನ್ನು ನನ್ನ ಕಥೆ. 1988ರಲ್ಲಿ ನಾನು ಹೊಳಲಿನ ಸುತ್ತಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಹೊಸ ಮೇಷ್ಟರು. ನನ್ನ ಪಾಲಿಗೆ ಒಂಬತ್ತನೆಯ ತರಗತಿ ಬಂದಿತ್ತು; ಐವತ್ತೆರಡು ಮಕ್ಕಳು. ಬೆಳಗಿನ ಮೊದಲ ಅವಧಿ ನನ್ನದೇ. ಬೆತ್ತ ಹಿಡಿಯುವುದಿಲ್ಲವೆಂದು ಕೆಲಸಕ್ಕೆ ಸೇರುವ ಮೊದಲೇ ಸಂಕಲ್ಪ ಮಾಡಿದ್ದೆ. ಸಂಕಲ್ಪವೇನೋ ದೊಡ್ಡದು, ಆದರೆ ಬೆತ್ತವಿಲ್ಲದ ಮೇಷ್ಟರು ಎಂದು ತಿಳಿದ ಮೂರನೆಯ ದಿನಕ್ಕೆ ನನ್ನ ದನಿ ನನಗೇ ಕೇಳಿಸದಾಯಿತು. ಪಕ್ಕದ ಕೊಠಡಿಯ ಹಿರಿಯ ಉಪಾಧ್ಯಾಯರು ಗೋಡೆಯನ್ನು ತಟ್ಟಿ ಎಚ್ಚರಿಸುತ್ತಿದ್ದರು.

ಒಂದು ಸಂಜೆ ಮಕ್ಕಳು ಕಬಡ್ಡಿ ಆಡುವುದನ್ನು ನೋಡುತ್ತ ನಿಂತಿದ್ದಾಗ ಉಪಾಯವೊಂದು ಹೊಳೆಯಿತು. ಮರುದಿನ ತರಗತಿಯನ್ನು ಹಾಜರಿ ಸಂಖ್ಯೆಯ ಪ್ರಕಾರ ಎರಡು ಬಣಗಳಾಗಿ ಒಡೆದೆ. ಒಂದಕ್ಕೆ ಕಾವೇರಿ ಎಂದೂ ಇನ್ನೊಂದಕ್ಕೆ ಹೇಮಾವತಿ ಎಂದೂ ಹೆಸರಿಟ್ಟೆ. ಕಪ್ಪುಹಲಗೆಯ ಬಲಮೂಲೆಯಲ್ಲಿ ಎರಡು ಮನೆಗಳನ್ನು ಬರೆದೆ. ಗದ್ದಲ ಮಾಡಿದರೆ ಆ ಬಣದ ಮನೆಯಲ್ಲಿ ಒಂದು ಗೆರೆ; ಅಪ್ಪಣೆಯಿಲ್ಲದೆ ಎದ್ದರೆ ಒಂದು ಗೆರೆ; ಮನೆಗೆಲಸ ಬರೆಯದಿದ್ದರೆ ಒಂದು ಗೆರೆ; ತಡವಾಗಿ ಬಂದರೆ ಒಂದು ಗೆರೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಗೆರೆಗಳ ಎಣಿಕೆ. ಗೆರೆ ಕಡಿಮೆಯಿದ್ದ ಬಣಕ್ಕೆ ಕೊನೆಯ ಅವಧಿಯಲ್ಲಿ ಬಯಲಿನಲ್ಲಿ ಲಗೋರಿ. ಹೆಚ್ಚಿದ್ದ ಬಣಕ್ಕೆ ಕೊಠಡಿಯ ಕಸ ಗುಡಿಸಿ ನೀರಿನ ಹಂಡೆ ತುಂಬುವ ಕೆಲಸ.

ಫಲ ಕಂಡದ್ದು ಮೊದಲ ದಿನದಿಂದಲೇ. ನಾನು ಗದರಬೇಕಾಗಿರಲಿಲ್ಲ, ಸೀಮೆಸುಣ್ಣವನ್ನು ಕೈಗೆತ್ತಿಕೊಂಡರೆ ಸಾಕಾಗಿತ್ತು. ಬಣದವರೇ ಬಣದವರನ್ನು 'ಶ್' ಎಂದು ತಡೆಯುತ್ತಿದ್ದರು. ಗೋಡೆಯನ್ನು ತಟ್ಟುವುದು ನಿಂತಿತು. ಮುಖ್ಯೋಪಾಧ್ಯಾಯರು ಒಮ್ಮೆ ಕಿಟಕಿಯ ಬಳಿ ನಿಂತು ನೋಡಿ ತಲೆದೂಗಿ ಹೋದರು. ನಾನು ಏನನ್ನೋ ಕಂಡುಹಿಡಿದೆನೆಂದು ಉಬ್ಬಿಹೋದೆ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದೇ ಆಟವನ್ನು ಹತ್ತೊಂಬತ್ತು ವರ್ಷಗಳ ಹಿಂದೆಯೇ ಆಡಿ, ಅಳೆದು, ಬರೆದಿಟ್ಟಿದ್ದರೆಂಬುದು ನನಗಾಗ ಗೊತ್ತಿರಲಿಲ್ಲ.

ಶ್ರಾವಣದ ಹೊತ್ತಿಗೆ ಹೇಮಾವತಿಯ ಮನೆಯಲ್ಲಿ ಗೆರೆಗಳು ಹೆಚ್ಚತೊಡಗಿದವು. ಅವುಗಳಲ್ಲಿ ಬಹುಪಾಲು ಒಬ್ಬನೇ ಹುಡುಗನವು. ವಾರದಲ್ಲಿ ಮೂರು ದಿನವಾದರೂ ಅವನು ಹಾಜರಿ ಮುಗಿದ ಮೇಲೆ ಬರುತ್ತಿದ್ದ. ಮಂಡಿಯವರೆಗೆ ಒಣಗಿದ ಕೆಸರು, ನಿದ್ದೆಗೆಟ್ಟ ಕಣ್ಣು. ಬಾಗಿಲಲ್ಲಿ ನಿಂತು ಅವನು ನನ್ನ ಮುಖವನ್ನು ನೋಡುತ್ತಿರಲಿಲ್ಲ. ಕಪ್ಪುಹಲಗೆಯ ಮೂಲೆಯನ್ನು ನೋಡುತ್ತಿದ್ದ. ನಾನು ಗೆರೆ ಎಳೆಯುತ್ತಿದ್ದೆ. ಅವನು ಒಳಕ್ಕೆ ಬಂದು ಕೂರುತ್ತಿದ್ದ. ಏಕೆ ತಡವಾಯಿತೆಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ಗೆರೆಯು ನನ್ನ ಪರವಾಗಿ ಮಾತಾಡುತ್ತಿತ್ತು. ಇಂದಿಗೂ ನನ್ನನ್ನು ಚುಚ್ಚುವುದು ಇದೇ.

ಹೇಮಾವತಿ ಬಣದವರು ನಾಲ್ಕು ಶನಿವಾರ ಒಂದೇ ಸಮನೆ ಕಸ ಗುಡಿಸಿದರು. ಐದನೆಯ ವಾರ ಆ ಹುಡುಗ ಶಾಲೆಗೆ ಬರಲಿಲ್ಲ. ಆ ಶನಿವಾರ ಹೇಮಾವತಿ ಗೆದ್ದಿತು. ಆರನೆಯ ವಾರವೂ ಅವನಿಲ್ಲ. ಮತ್ತೆ ಹೇಮಾವತಿಯೇ ಗೆದ್ದಿತು. ವಿಚಾರಿಸಿದರೆ 'ಜ್ವರವಂತೆ ಸಾರ್' ಎಂದರು. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಮೇಲೆ, ಅದೇ ಬಣದ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ನಿಜ ಹೇಳಿದಳು: 'ಜ್ವರ ಇಲ್ಲ ಸಾರ್. ತಡವಾಗಿ ಬರೋ ಹಾಗಿದ್ರೆ ಬರಲೇಬೇಡ ಅಂತ ಇವರೇ ಹೇಳಿದಾರೆ.'

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ತಡವಾಗಿ ಬಂದವನಿಗೆ ನನ್ನ ನಿಯಮದಲ್ಲಿ ಗೆರೆಯಿತ್ತು. ಬಾರದೇ ಇದ್ದವನಿಗೆ ಗೆರೆಯಿರಲಿಲ್ಲ. ಮಕ್ಕಳು ನಿಯಮವನ್ನು ಮುರಿದಿರಲಿಲ್ಲ. ಅದನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದರು, ಅಷ್ಟೆ.

ಅಂದು ಸಂಜೆ ಅವನ ಮನೆಯನ್ನು ಹುಡುಕಿಕೊಂಡು ಹೋದೆ. ತಂದೆ ಕಾಲು ಮುರಿದುಕೊಂಡು ಮಂಚದ ಮೇಲಿದ್ದರು. ಮಗ ಗದ್ದೆಯಲ್ಲಿದ್ದಾನೆಂದು ತಾಯಿ ಹೇಳಿದರು. ಅಲ್ಲಿನ ಬೇಸಾಯದ ಸಂಗತಿಯನ್ನು ನಿಮಗೆ ಇಲ್ಲಿ ಹೇಳಬೇಕು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಕವಲುನಾಲೆ, ಕಿರುಗಾಲುವೆಗಳಾಗಿ ಒಡೆದು ಮಂಡ್ಯದ ಸೀಮೆಯ ಗದ್ದೆಗಳಿಗೆ ಬರುತ್ತದೆ. ತೂಬಿನ ಹತ್ತಿರದ ಗದ್ದೆಯವರಿಗೆ ಹಗಲು ಹೊತ್ತಿನಲ್ಲೇ ನೀರು ಸಿಗುತ್ತದೆ. ಕಾಲುವೆಯ ಕೊನೆಯಲ್ಲಿ ಗದ್ದೆಯಿದ್ದವರು ಮೇಲಿನವರದೆಲ್ಲ ತುಂಬುವವರೆಗೆ ಕಾಯಬೇಕು. ಅವರ ಪಾಲಿನ ನೀರು ಬರುವುದು ಹೆಚ್ಚಾಗಿ ನಡುರಾತ್ರಿಯ ಮೇಲೆ. ಆ ಹೊತ್ತಿನಲ್ಲಿ ಯಾರಾದರೂ ಗುದ್ದಲಿ ಹಿಡಿದು ಗದ್ದೆಯಲ್ಲೇ ಇದ್ದು ಮಡೆ ತಿರುಗಿಸದಿದ್ದರೆ ನೀರು ಪಕ್ಕದವರ ಪಾಲು. ನಾಟಿಯಾದ ಹೊಸತರಲ್ಲಿ ಎರಡು ಸರದಿ ತಪ್ಪಿದರೆ ಪೈರು ಉಳಿಯುವುದು ಕಷ್ಟ.

ಬದುವಿನ ಮೇಲೆ ಲಾಟೀನು ಇಟ್ಟುಕೊಂಡು ಅವನು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

'ಯಾಕಪ್ಪ, ಶಾಲೆಗೆ ಬರ್ತಾ ಇಲ್ಲ?'

'ನಾನ್ ಬಂದ್ರೆ ಗೆರೆ ಬೀಳ್ತದೆ ಸಾ. ಬರ್ದೆ ಇದ್ರೆ ಬೀಳಾಕಿಲ್ಲ.'

ಅದರಲ್ಲಿ ದೂರಿರಲಿಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎಂದು ಹೇಳುವ ಹಾಗೆ ಹೇಳಿದ. ನನ್ನ ತಪ್ಪನ್ನು ಸರಿಪಡಿಸುವ ಆತುರದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. 'ನಾಳೆಯಿಂದ ಬಾ. ನಿನಗೆ ಗೆರೆ ಎಳೆಯೋದಿಲ್ಲ. ನಿನ್ನನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ' ಎಂದೆ. ಅವನ ಮುಖ ಅರಳುತ್ತದೆಂದು ಕಾದೆ. ಅವನು ಗುದ್ದಲಿಯಿಂದ ಒಂದು ಹೆಂಟೆಯನ್ನು ಎತ್ತಿ ಮಡೆಗೆ ಇಟ್ಟು, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಆಮೇಲೆ ಕೇಳಿದ:

'ಚಿಕ್ಕೈಕ್ಳ ತರ್ವಾ ಸಾ?'

ಬಯಲಿನಲ್ಲಿ ಅದೇ ಮಾತನ್ನು ಅವನು ತನ್ನ ತಮ್ಮನಿಗೆ ಎಷ್ಟು ಸಲ ಹೇಳಿದ್ದನೋ! ಮಗುವಿಗೆ ಅದು ಕರುಣೆ; ಅಪ್ಪನ ಗದ್ದೆಯನ್ನು ಒಂಟಿಯಾಗಿ ಕಾಯುತ್ತಿದ್ದ ಹದಿನಾಲ್ಕು ವರ್ಷದವನಿಗೆ ಅಲ್ಲ. ನಾನು ಉತ್ತರ ಕೊಡಲಾರದೆ ಅವನ ಪಕ್ಕದಲ್ಲಿ ಬದುವಿನ ಮೇಲೆ ಕೂತೆ. ನೀರು ಬಂದದ್ದು ಹನ್ನೊಂದು ಗಂಟೆ ದಾಟಿದ ಮೇಲೆ. ಒಂದು ಬದಿಯ ಮಡೆ ನಾನು ನೋಡಿಕೊಂಡೆ. ನನ್ನ ಕಟ್ಟು ಎರಡು ಸಲ ಒಡೆಯಿತು. ಅವನು ಬಂದು ಮತ್ತೆ ಕಟ್ಟಿದ.

ಮರುದಿನ ನಾನು ತರಗತಿಯ ಮುಂದೆ ನಡೆದುದನ್ನೆಲ್ಲ ಹೇಳಿದೆ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. 'ಈ ಆಟದ ನಿಯಮಗಳನ್ನು ನಾನೊಬ್ಬನೇ ಮಾಡಿದೆ. ನೀವು ಬಯಲಿನಲ್ಲಿ ಆಡುವ ಆಟಕ್ಕೆ ನಿಯಮ ಮಾಡುವವರು ನೀವೇ. ಇದಕ್ಕೂ ನೀವೇ ಮಾಡಿ' ಎಂದೆ. ಮೊದಲು ಮೌನ, ಆಮೇಲೆ ಸಂತೆ. ಬಾರದವರಿಗೂ ಗೆರೆ ಹಾಕಿ ಎಂದನೊಬ್ಬ. ಅಪ್ಪ ಅಮ್ಮನಿಂದ ಚೀಟಿ ತರಲಿ ಎಂದನಿನ್ನೊಬ್ಬ. ಓದುಬರಹ ಬಾರದ ಅಪ್ಪ ಅಮ್ಮ ಯಾವ ಚೀಟಿ ಬರೆಯುತ್ತಾರೆಂದು ಮತ್ತೊಬ್ಬ ಕೇಳಿದ. ಮೊನ್ನೆ ನನಗೆ ನಿಜ ಹೇಳಿದ ಹುಡುಗಿ ಎದ್ದು ನಿಂತು, 'ಗೆರೆ ಇರಲಿ ಸಾರ್, ಆದರೆ ಅಳಿಸೋದಕ್ಕೂ ಒಂದು ದಾರಿ ಇರಲಿ' ಎಂದಳು. ತಡವಾಗಿ ಬಂದವರಿಗೆ ತಪ್ಪಿಹೋದ ಪಾಠವನ್ನು ಬಣದವರು ಯಾರಾದರೂ ಹೇಳಿಕೊಡಬೇಕು. ಸಂಜೆಯ ಗಂಟೆ ಹೊಡೆಯುವ ಮೊದಲು ಅವರು ಅದನ್ನು ತಮ್ಮ ಮಾತಿನಲ್ಲಿ ಹೇಳಿದರೆ ಗೆರೆ ಅಳಿಸಬೇಕು. ಇದು ಅವಳ ಸೂಚನೆ. ಬಳ್ಳಾರಿಯ ಶಾಲೆಗಳಲ್ಲಿ ಮುಂದಿನವರು ಹಿಂದಿನವರಿಗೆ ಕಲಿಸುತ್ತಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇನ್ನೊಂದು ಮುಖ್ಯವಾದ ಬದಲಾವಣೆ ಬಂದದ್ದು ಗೆಲ್ಲುತ್ತಿದ್ದ ಕಾವೇರಿ ಬಣದಿಂದ. ಅದಕ್ಕೆ ಕಾರಣ ಔದಾರ್ಯವಲ್ಲ. ಲಗೋರಿಗೆ ಎರಡು ಪಕ್ಷ ಬೇಕು. ಹೇಮಾವತಿಯವರೆಲ್ಲ ಒಳಗೆ ಕಸ ಗುಡಿಸುತ್ತಿದ್ದರೆ ತಮ್ಮತಮ್ಮಲ್ಲೇ ಆಡಿ ತಮಗೆ ಬೇಸರವಾಗಿದೆ ಎಂದರು! ಆದ್ದರಿಂದ ವಾರಕ್ಕೆ ಹತ್ತು ಗೆರೆಯ ಒಳಗೆ ಉಳಿದರೆ ಎರಡು ಬಣಗಳೂ ಗೆದ್ದಂತೆ ಎಂದು ತೀರ್ಮಾನವಾಯಿತು. ಕಸ ಗುಡಿಸುವುದು ಶಿಕ್ಷೆಯಾಗಬಾರದು, ಸರದಿಯಾಗಬೇಕು ಎಂಬುದನ್ನು ಮಾತ್ರ ನಾನು ಸೇರಿಸಿದೆ.

ಹುಡುಗ ಮರಳಿ ಬಂದ. ಆ ಬೆಳೆ ಮುಗಿಯುವವರೆಗೂ ತಡವಾಗಿಯೇ ಬಂದ. ಅವನ ಗೆರೆಗಳು ಕೆಲವು ಅಳಿಸಿಹೋದವು, ಕೆಲವು ಉಳಿದವು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ಒಮ್ಮೆ ಸೋತು, ಎರಡನೆಯ ಸಲ ಕಟ್ಟಿ ತೇರ್ಗಡೆಯಾದ. ಅದಕ್ಕೂ ನಮ್ಮ ಆಟಕ್ಕೂ ಸಂಬಂಧವಿದೆಯೆಂದು ನಾನು ಹೇಳಲಾರೆ.

ಹಲವು ವರ್ಷಗಳ ಬಳಿಕ ಗ್ರಂಥಾಲಯವೊಂದರಲ್ಲಿ ಶಿಕ್ಷಣಶಾಸ್ತ್ರದ ಪುಸ್ತಕವನ್ನು ತಿರುವುತ್ತಿದ್ದಾಗ ನನ್ನ ಆಟವೇ ಅಲ್ಲಿ ಕಾಣಿಸಿತು. 1969ರಲ್ಲಿ ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ನಾಲ್ಕನೆಯ ತರಗತಿಯೊಂದರಲ್ಲಿ ಅದನ್ನು ಆಡಿಸಿದ ಪ್ರಯೋಗವನ್ನು ಬ್ಯಾರಿಷ್, ಸಾಂಡರ್ಸ್ ಮತ್ತು ವುಲ್ಫ್ ಎಂಬ ಮೂವರು ಪ್ರಕಟಿಸಿದ್ದರು. ಅಲ್ಲಿಯೂ ಎರಡು ತಂಡಗಳು, ಅಲ್ಲಿಯೂ ಕಪ್ಪುಹಲಗೆಯ ಮೇಲೆ ಗುರುತುಗಳು. ಆದರೆ ಗುರುತುಗಳು ಒಂದು ಮಿತಿಯೊಳಗೆ ಇದ್ದರೆ ಎರಡು ತಂಡಗಳೂ ಗೆಲ್ಲಬಹುದೆಂಬ ನಿಯಮ ಮೊದಲಿನಿಂದಲೇ ಇತ್ತು. ಅಪ್ಪಣೆಯಿಲ್ಲದೆ ಏಳುವುದು, ನಡುವೆ ಬಾಯಿಹಾಕುವುದು ಆಟ ನಡೆದ ಅವಧಿಯಲ್ಲಿ ಬಹಳ ಕಡಿಮೆಯಾದವು. ಆಟ ನಿಲ್ಲಿಸಿದಾಗ ಮತ್ತೆ ಹೆಚ್ಚಿದವು. ಅಲ್ಲಿಯೂ ಆಟಕ್ಕೆ ಒಗ್ಗದೆ ತಂಡಕ್ಕೆ ಮತ್ತೆಮತ್ತೆ ಗುರುತು ತಂದ ಒಬ್ಬಿಬ್ಬರು ಇದ್ದರು. ತಂಡಕ್ಕೆ ಅನ್ಯಾಯವಾಗಬಾರದೆಂದು ಅವರನ್ನು ಬೇರೆಯಾಗಿ ಎಣಿಸಿದರು. ಅದನ್ನು ಓದುವಾಗ ನನಗೆ ಲಾಟೀನಿನ ಬೆಳಕು ನೆನಪಾಯಿತು. ಆ ಮಕ್ಕಳು ಏನು ಅಂದುಕೊಂಡರೋ ಅಲ್ಲಿ ಬರೆದಿರಲಿಲ್ಲ.

ಬಹುಮಾನದ ಬಗ್ಗೆಯೂ ಒಂದು ಮಾತು ಹೇಳಬೇಕು. ಗೆರೆಗಳ ಯಶಸ್ಸಿನಿಂದ ಹುರುಪುಗೊಂಡು ನಾನು ಆ ವರ್ಷ ಪುಸ್ತಕ ಓದಿದವರಿಗೂ ಅಂಕ ಕೊಡತೊಡಗಿದ್ದೆ. ಅದರ ಫಲವಾಗಿ ತೆಳುವಾದ ಪುಸ್ತಕಗಳೆಲ್ಲ ಕಪಾಟಿನಿಂದ ಮಾಯವಾದವು, ದಪ್ಪ ಪುಸ್ತಕಗಳ ಮೇಲೆ ಧೂಳು ಕೂತಿತು. ಕಥೆ ಹೇಳಲು ತೊಡಗಿದರೆ, ಮೊದಲು ಬಾಯಿಬಿಟ್ಟು ಕೇಳುತ್ತಿದ್ದ ಮಕ್ಕಳು 'ಇದಕ್ಕೆ ಎಷ್ಟು ಅಂಕ ಸಾರ್?' ಎನ್ನತೊಡಗಿದರು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬರೆಯಲು ತಾವಾಗಿಯೇ ಆಸೆಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಿ ಬರೆಯಿಸಿದರು. ಒಂದೆರಡು ವಾರಗಳ ಬಳಿಕ ಬಣ್ಣದ ಲೇಖನಿಗಳನ್ನು ಮತ್ತೆ ಮುಂದಿಟ್ಟಾಗ, ಆ ಮಕ್ಕಳು ಮೊದಲಿನ ಉತ್ಸಾಹವನ್ನು ತೋರಲಿಲ್ಲ. ಏನನ್ನೂ ಹೇಳದೆ ಕೊನೆಯಲ್ಲಿ ಪ್ರಶಸ್ತಿ ಪಡೆದವರ ಆಸೆ ಹಾಗೆಯೇ ಉಳಿದಿತ್ತು. ಏನೂ ಪಡೆಯದವರದೂ ಉಳಿದಿತ್ತು. ಗದ್ದಲ ನಿಲ್ಲಿಸಲು, ಕೊಠಡಿಯನ್ನು ಓರಣಗೊಳಿಸಲು ಬಹುಮಾನ ಒದಗೀತು. ತಾನಾಗಿ ಹರಿಯುವ ನೀರಿಗೆ ಏತ ಹೂಡಬೇಕಿಲ್ಲವೆಂದು ನನಗನ್ನಿಸಿತು. ಓದಿನ ಅಂಕಗಳನ್ನು ಕೈಬಿಟ್ಟೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳಿಗೆ ಮೈಮೇಲಿನ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸಿತು. ಏಟನ್ನು ಯಾರಾದರೂ ಗುರುತಿಸಬಲ್ಲರು. ಆದರೆ ಒಂದು ಸೀಮೆಸುಣ್ಣದ ಗೆರೆ ಯಾವಾಗ ಕಿರುಕುಳವಾಗುತ್ತದೆ ಎಂಬುದನ್ನು ಹೇಳುವುದು ಕಠಿಣ. ಹೆಚ್ಚಿನ ಮಕ್ಕಳಿಗೆ ಅದು ಗೆರೆ ಮಾತ್ರ.

ಈ ತೊಡಕಿಗೆ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳಲ್ಲಿ ಕಂಡುಕೊಂಡ ಒಂದು ದಾರಿಯನ್ನು ನಾನು ಬಹಳ ಮೆಚ್ಚುತ್ತೇನೆ. ಆಂಧ್ರದ ಋಷಿವ್ಯಾಲಿಯ ಮಾದರಿಯನ್ನು ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು 1995ರಲ್ಲಿ ಯೂನಿಸೆಫ್ ನೆರವಿನಿಂದ 'ನಲಿಕಲಿ'ಯನ್ನು ಆರಂಭಿಸಿದರು. 2009ರ ಬಳಿಕ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ನಿಮ್ಮಲ್ಲಿ ಹಲವರು ಆ ಕೊಠಡಿಯಲ್ಲಿ ನೆಲದ ಮೇಲೆ ಗುಂಪಾಗಿ ಕೂತು ಕಲಿತವರೇ ಇರಬೇಕು. ಗೋಡೆಯ ಮೇಲೆ ಕಲಿಕೆಯ ಏಣಿ. ಅದರ ಮೆಟ್ಟಿಲುಗಳಲ್ಲಿ ಪ್ರಾಣಿಪಕ್ಷಿಗಳ ಚಿತ್ರ. ಚಿತ್ರಕ್ಕೆ ತಕ್ಕ ಕಾರ್ಡು ತೆಗೆದು ಹಾಡಿಯೋ ಆಡಿಯೋ ಬರೆದೋ ಮುಗಿಸಿದರೆ ಮುಂದಿನ ಮೆಟ್ಟಿಲು. ಅದೂ ಆಟವೇ. ಹಬ್ಬಕ್ಕೋ ಕುಯಿಲಿಗೋ ಒಂದು ವಾರ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಅದರ ಮೆಟ್ಟಿಲು ಅಲ್ಲಿಯೇ ಕಾದಿರುತ್ತದೆ. ಎಲ್ಲೆಡೆಯೂ ಅದು ಹೀಗೆಯೇ ನಡೆದಿದೆಯೆಂದು ನಾನು ಹೇಳುತ್ತಿಲ್ಲ. ಗೋಡೆಯ ಮೇಲೆ ಏಣಿ ತೂಗುಹಾಕಿ ಹಳೆಯ ಹಾಡನ್ನೇ ಹಾಡಿದ ಕೊಠಡಿಗಳನ್ನೂ ಕಂಡಿದ್ದೇನೆ.

ನಮ್ಮ ಕಾವೇರಿ ಮತ್ತು ಹೇಮಾವತಿ ಒಂದೂವರೆ ವರ್ಷ ಹರಿದವು. ಆ ಮಕ್ಕಳೊಂದಿಗೆ ನಾನೂ ಹತ್ತನೆಯ ತರಗತಿಗೆ ಹೋಗಿದ್ದೆ. ಪ್ರತಿದಿನ ಬೆಳಗ್ಗೆ ಹಲಗೆಯ ಮೂಲೆಯಲ್ಲಿ ಎರಡು ಮನೆ ಬರೆಯುವುದು ತರಗತಿಯ ನಾಯಕನ ಕೆಲಸ. 1990ರ ಜನವರಿಯಲ್ಲಿ, ಸಂಕ್ರಾಂತಿಯ ರಜೆ ಮುಗಿದ ಮೇಲೆ, ಅವನು ಬರೆಯುವುದನ್ನು ಮರೆತ. ಯಾರೂ ನೆನಪಿಸಲಿಲ್ಲ. ಶನಿವಾರ ಬಂದಾಗ ಎಲ್ಲರೂ ಎಂದಿನಂತೆ ಲಗೋರಿಗೆ ಹೊರಟರು. ಆ ವಾರ ಸರದಿಯಿದ್ದವರು ಮೊದಲು ಕಸ ಗುಡಿಸಿಟ್ಟು ಹೋದರು. ಹಲಗೆಯ ಮೂಲೆ ಖಾಲಿಯಿದೆಯೆಂದು ನಾನು ಗಮನಿಸಿದ್ದು ಅದರ ಮರುವಾರ.

ಆ ದಿನಗಳಲ್ಲಿ ತರಗತಿಯ ಗದ್ದಲ ಎಂದಿಗಿಂತ ಹೆಚ್ಚಿಯೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.